ಗೆರೆಯಿಲ್ಲದ ಹೆಬ್ಬೆರಳು

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಸುಂದ್ರವ್ವ ತನ್ನ ಹತ್ತನೆಯ ಬೆರಳನ್ನು ಗಾಜಿನ ಮೇಲೆ ಒತ್ತುತ್ತಿದ್ದಳು. ಅದು ಎಡಗೈಯ ಕಿರುಬೆರಳು. ಉಳಿದ ಒಂಬತ್ತು ಆಗಲೇ ಮುಗಿದಿದ್ದವು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಯಂತ್ರದ ಹೊಟ್ಟೆಯಲ್ಲಿ ಕೆಂಪು ದೀಪವೊಂದು ಎರಡು ಸಲ ಮಿನುಗಿ ಆರಿತು. ಆಮೇಲೆ ಕಾಂಚನಳ ಮೊಬೈಲಿನಿಂದ ಒಂದು ಹೆಣ್ಣುದನಿ, ಒಂಬತ್ತು ಸಲ ಹೇಳಿದ್ದನ್ನೇ, ಬೇಸರವಿಲ್ಲದೆ ಮತ್ತೊಮ್ಮೆ ಹೇಳಿತು: “ವ್ಯಕ್ತಿಯ ಗುರುತು ಸಿಗಲಿಲ್ಲ.”

“ಯಾರ ಬೇ ಆಕಿ?” ಎಂದಳು ಸುಂದ್ರವ್ವ. “ಒಳಗ ಕುಂತು ನಾ ಇಲ್ಲ ಅಂತ ಹೇಳಾಕಿ?”

“ಯಾರೂ ಇಲ್ಲವ್ವ. ಮಷೀನು ಅದು.”

“ನಮ್ಮವ್ವನ ಧ್ವನಿ ಇದ್ದಂಗ ಐತಿ.”

ಕಾಂಚನ ಯಂತ್ರವನ್ನು ಪಕ್ಕಕ್ಕೆ ಸರಿಸಿದಳು. ರಾಯಬಾಗದ ಕಡೆಯಿಂದ ನಿಪ್ಪಾಣಿಗೆ ಸೊಸೆಯಾಗಿ ಬಂದ ಅವಳು ಬಿ.ಎಸ್ಸಿ. ಓದಿದವಳು, ಮನೆಯ ಮುಂದಿನ ಕೋಣೆಯಲ್ಲೇ ಸೇವಾ ಕೇಂದ್ರ ಇಟ್ಟುಕೊಂಡಿದ್ದಳು. ಅವಳು ಸುಂದ್ರವ್ವನ ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಬೆರಳನ್ನು ನೋಡಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ನದಿಯ ಹರಳಿನಂತೆ ನುಣುಪಾಗಿದ್ದವು. ನಲವತ್ತೇಳು ವರ್ಷ ಬೀಡಿ ಸುತ್ತಿದ ಬೆರಳುಗಳವು. ಒಂಬತ್ತನೆಯ ವಯಸ್ಸಿಗೆ ಎಲೆ, ತಂಬಾಕಿನ ಮೊರದ ಮುಂದೆ ಕೂತವಳು ಈ ಐವತ್ತಾರರಲ್ಲೂ ದಿನಕ್ಕೆ ಎಂಟುನೂರು ಸುತ್ತುತ್ತಿದ್ದಳು. ಉಳಿದ ಬೆರಳುಗಳನ್ನು ಇಟ್ಟಿಗೆಪುಡಿ ತಿಂದಿತ್ತು. ಮದುವೆ ಮನೆಗಳ ಹಂಡೆ ಬೆಳಗುವ ಕೆಲಸಕ್ಕೂ ಅವಳು ಹೋಗುತ್ತಿದ್ದಳು.

ಮನೆಯ ಯಜಮಾನತಿಗೆ ಸರಕಾರ ತಿಂಗಳಿಗೆ ಎರಡು ಸಾವಿರ ಹಾಕುತ್ತದೆ. ಗಲ್ಲಿಯ ಹೆಂಗಸರು ಅದನ್ನು ಲಕ್ಷ್ಮೀ ರೊಕ್ಕ ಎನ್ನುತ್ತಾರೆ. ಸುಂದ್ರವ್ವನಿಗೆ ಅದು ಹನ್ನೊಂದು ತಿಂಗಳು ಬಂದು, ನಾಲ್ಕು ತಿಂಗಳ ಹಿಂದೆ ನಿಂತಿತ್ತು. ಕಾರ್ಡಿನಲ್ಲಿ ಹೆಸರಿರುವವಳು ನಾನೇ ಎಂದು ಅವಳ ಬೆರಳು ಒಮ್ಮೆ ಸಾಕ್ಷಿ ಹೇಳಬೇಕಿತ್ತು. ಬೆರಳಿನ ಬಾಯಿ ಬಿದ್ದುಹೋಗಿತ್ತು. ಫೋನಿಗೆ ಓಟಿಪಿ ಅಂಕಿ ತರಿಸುವ ದಾರಿಯೂ ಉಂಟು. ಆದರೆ ಬರೆಸಿದ್ದ ನಂಬರು ಗಂಡ ತುಕಾರಾಮನದು. ಅವನು ತೀರಿ ಆರು ವರ್ಷವಾಗಿತ್ತು. ಕಾಂಚನ ಆ ನಂಬರಿಗೆ ಫೋನ್ ಮಾಡಿದರೆ ಯಾರೋ ಎತ್ತಿ, ಮಾತಾಡದೆ, ಉಸಿರಾಡಿ ಇಟ್ಟರು. ಕಣ್ಣು ತೋರಿಸಿ ಗುರುತು ಹಿಡಿಸಲು ಚಿಕ್ಕೋಡಿಗೂ ಹೋಗಿ ಬಂದಿದ್ದಾಯಿತು. ಒಂದು ಕಣ್ಣಿಗೆ ಪೊರೆ, ಇನ್ನೊಂದು ಬೆಳಕು ಕಂಡರೆ ನೀರು ಸುರಿಸುತ್ತದೆ.

“ಗೆರಿ ಖರೇನ ಹೋಗಿಲ್ಲವ್ವ,” ಎಂದಳು ಕಾಂಚನ. “ಮ್ಯಾಲಿನ ಚರ್ಮ ಅಷ್ಟ ಸವದೈತಿ. ಅಚ್ಚು ಕೆಳಗಿನ ಪದರದಾಗ ಇರತೈತಿ. ಕೈಗೆ ಬಿಡುವು ಕೊಟ್ಟರ ಹುಲ್ಲು ಚಿಗತಂಗ ತಿರುಗಿ ಮ್ಯಾಲೆ ಬರತೈತಿ. ಒಂದು ತಿಂಗಳು ಬೀಡಿ ಮುಟ್ಟಬ್ಯಾಡ, ಇಟ್ಟಿಗಿಪುಡಿ ಮುಟ್ಟಬ್ಯಾಡ. ರಾತ್ರಿ ಕೊಬ್ಬರೆಣ್ಣಿ ಹಚ್ಚು. ಮಾರ್ಚ್ ಮೂವತ್ತೊಂದರೊಳಗ ಬೆರಳು ಬರಬೇಕು, ಇಲ್ಲಂದ್ರ ಯಾದಿಯಿಂದ ಹೆಸರ ಹೋಗತೈತಿ.”

“ಒಂದು ತಿಂಗಳು ಸುತ್ತದಿದ್ದರ ಏನ ತಿನ್ನೂಣು?”

ಕಾಂಚನ ಗೋಡೆಯ ಕ್ಯಾಲೆಂಡರ್ ನೋಡಿದಳು. ಅಂದು ಫೆಬ್ರವರಿ ಹತ್ತೊಂಬತ್ತು.

ಮನೆಗೆ ಬರುವಾಗ ಓಣಿಯ ತಿರುವಿನಲ್ಲಿ ರಾಮವ್ವ ಕಟ್ಟೆಯ ಮೇಲೆ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದಳು. ಮೂವತ್ತು ವರ್ಷದ ನೆರೆಯವಳು. ಸುಂದ್ರವ್ವ “ರಾಮವ್ವಾ” ಎಂದು ಕರೆದಳು. ರಾಮವ್ವ ತಲೆಯೆತ್ತಿದಳು. ಅವಳ ನೋಟ ಸುಂದ್ರವ್ವನ ಮೇಲೆ ನಿಲ್ಲದೆ ಹಾದು ಹಿಂದಿನ ಗೋಡೆಗೆ ಹೋಯಿತು. ಮತ್ತೆ ತಲೆ ತಗ್ಗಿಸಿ ಕತ್ತರಿ ಆಡಿಸತೊಡಗಿದಳು. ಬಿಸಿಲಿಗೆ ಕಣ್ಣು ಕುಕ್ಕಿತ್ತು ಎಂದು ಅವಳು ಆಮೇಲೆ ಹೇಳಿದಳು. ಆ ಹೊತ್ತಿಗೆ ಮಾತ್ರ ಸುಂದ್ರವ್ವ ಎರಡನೆಯ ಸಲ ಕರೆಯಲು ಹೆದರಿ, ಗೋಡೆಗೆ ಹತ್ತಿಕೊಂಡೇ ನಡೆದು ಮನೆ ಸೇರಿದಳು.

ಒಳಗೆ ಬಂದವಳು ಯಲ್ಲಮ್ಮನ ಪಟದ ಹಿಂದೆ ಕೈಹಾಕಿ ಅಂಗೈಯಗಲದ ಕಾಗದದ ತುಂಡೊಂದನ್ನು ತೆಗೆದಳು. ಅದರ ಮೇಲೆ ಅವಳ ಅವ್ವ ಸತ್ತೆವ್ವನ ಹೆಬ್ಬೆಟ್ಟಿತ್ತು. ಸತ್ತೆವ್ವನೂ ಬೀಡಿ ಸುತ್ತಿದವಳೇ. ವಿಧವಾ ವೇತನದ ಅರ್ಜಿಗೆ ಒತ್ತಿದ ಆ ಹೆಬ್ಬೆಟ್ಟು ಸ್ಪಷ್ಟವಿಲ್ಲವೆಂದು ಅರ್ಜಿ ತಿರುಗಿ ಬಂದಾಗ ಅವ್ವ ಸತ್ತು ವಾರವಾಗಿತ್ತು. ಸಾಯುವ ಮುಂಚೆ ಮೂರು ದಿನ ಅವ್ವನಿಗೆ ಮಾತಿರಲಿಲ್ಲ. ಕೈಗಳು ಮಾತ್ರ ಗಾಳಿಯಲ್ಲಿ ಬೀಡಿ ಸುತ್ತುತ್ತಿದ್ದವು. ಎಲೆ ಇಟ್ಟು, ತಂಬಾಕು ಹರಡಿ, ಸುತ್ತಿ, ತುದಿ ಮಡಚಿ. ಉಸಿರು ನಿಂತ ಮೇಲೂ ಬಲಗೈಯ ಹೆಬ್ಬೆರಳು ಒಮ್ಮೆ ಮಡಚಿದ್ದನ್ನು ಸುಂದ್ರವ್ವ ಕಂಡಿದ್ದಳು. ಆ ಬೀಡಿ ಪೂರ್ತಿಯಾಗಲೆಂದು ಕಾದು, ಆಮೇಲೆ ಅತ್ತಿದ್ದಳು.

ಸುಂದ್ರವ್ವ ಅರ್ಜಿಯನ್ನು ಹರಿದೊಗೆದು ಹೆಬ್ಬೆಟ್ಟಿನ ತುಂಡನ್ನಷ್ಟೇ ಇಟ್ಟುಕೊಂಡಿದ್ದಳು. ಈಗ ದೀಪದ ಕಾಡಿಗೆಗೆ ಎಣ್ಣೆ ಕಲಸಿ, ತನ್ನ ಹೆಬ್ಬೆರಳನ್ನು ಅದ್ದಿ, ಅವ್ವನ ಗುರುತಿನ ಪಕ್ಕದಲ್ಲೇ ಒತ್ತಿದಳು. ಎರಡು ಕರಿ ಮೊಟ್ಟೆಗಳು. ಒಳಗೆ ಏನೂ ಇಲ್ಲ. ಕಾಗದ ಕೈಯಿಂದ ಜಾರಿ ಬಿತ್ತು. ಹಸಿ ಕಾಡಿಗೆಯ ಹೊಳಪನ್ನು ನೆಲದ ಧೂಳು ಆಗಲೇ ಹೀರಿತ್ತು. ಎತ್ತಿ ನೋಡಿದಾಗ ಯಾವುದು ಅವ್ವ, ಯಾವುದು ತಾನು ಎಂಬುದು ಅವಳಿಗೆ ತಿಳಿಯಲಿಲ್ಲ.

ಸಂಜೆ ಮಗಳು ಮಂಗಲ ಬಂದಳು. ಹತ್ತೊಂಬತ್ತರ ಹುಡುಗಿ, ಚಿಕ್ಕೋಡಿಯಲ್ಲಿ ರಕ್ತ ಪರೀಕ್ಷೆಯ ಕೋರ್ಸು, ಎರಡು ವರ್ಷದ್ದು, ಒಂದು ವರ್ಷ ಮುಗಿದಿತ್ತು. ಲಕ್ಷ್ಮೀ ರೊಕ್ಕದಲ್ಲಿ ಸಾವಿರದ ಆರುನೂರು ಆ ಕೋರ್ಸಿನ ಕಂತಿಗೇ ಹೋಗುತ್ತಿತ್ತು. ಉಳಿದ ನಾನ್ನೂರು ಸಣ್ಣದು. ಆದರೆ ಅದು ಡಬ್ಬಿಯಲ್ಲಿರುವಾಗ ಸುಂದ್ರವ್ವನ ಬೆನ್ನು ನೆಟ್ಟಗಿತ್ತು. ಗುತ್ತೇದಾರನ ಮುನ್ಷಿ ಲಗಮಣ್ಣ ಒಮ್ಮೆ ನೀರು ಕುಡಿದ ಎಲೆ ತಂದು ಸುರಿದಾಗ, ಜೀವನದಲ್ಲಿ ಮೊದಲ ಸಲ, “ಇವು ಒಯ್ಯಿ. ಛಲೋ ಎಲಿ ಇದ್ದರ ತಾ, ಇಲ್ಲಂದ್ರ ನಾಳೆ ಬಾ” ಎಂದಿದ್ದಳು. ಒಂದು ದಿನದ ಕೂಲಿ ಹೋದರೆ ಒಲೆ ಆರುವುದಿಲ್ಲ ಎಂದು ಗೊತ್ತಿದ್ದವಳು ಮಾತ್ರ ಹಾಗೆ ಅನ್ನಬಲ್ಲಳು. ರೊಕ್ಕ ನಿಂತ ಮೇಲೆ ಅದೇ ಒದ್ದೆ ಎಲೆ ಮತ್ತೆ ಬಂತು. ಸುಂದ್ರವ್ವ ಬಾಯಿ ಮುಚ್ಚಿ ತಗೊಂಡಳು.

“ನೀ ಕೈಗೆ ಬಿಡುವು ಕೊಡವ್ವ, ನಾ ಸುತ್ತತೇನಿ,” ಎಂದಳು ಮಂಗಲ. “ಕೋರ್ಸು ಎಲ್ಲಿ ಓಡಿ ಹೋಗತೈತಿ? ಮುಂದಿನ ವರ್ಷ ಮಾಡಿದರ ಆತು.”

ನಾಲ್ಕು ತಿಂಗಳಿಂದ ಅವಳು ಬೆಳಿಗ್ಗೆ ಒಂದು ತಾಸು, ಸಂಜೆ ಎರಡು ತಾಸು ಮೊರದ ಮುಂದೆ ಕೂರುತ್ತಿದ್ದಳು. ವಾರಕ್ಕೆ ಒಂದು ದಿನ ತರಗತಿ ತಪ್ಪಿಸುವುದೂ ಶುರುವಾಗಿತ್ತು.

“ಕೈ ತೋರಸು.”

“ಯಾಕ?”

“ತೋರಸ ಅಂದೆ.”

ಮಗಳ ಹೆಬ್ಬೆರಳಿನಲ್ಲಿ ಸುಳಿ ಇತ್ತು, ನಡುವೆ ಚೆನ್ನಾಗಿಯೇ ಇತ್ತು. ಒಂದು ಅಂಚಿನಲ್ಲಿ ಮಾತ್ರ, ಯಾರೋ ರಂಗೋಲಿಯ ಮೂಲೆ ತುಳಿದಂತೆ, ಗೆರೆಗಳು ಅಳಿಸತೊಡಗಿದ್ದವು. ಸುಂದ್ರವ್ವ ಆ ಬೆರಳನ್ನು ಬಹಳ ಹೊತ್ತು ಹಿಡಿದಿದ್ದಳು. ನಾನು ಒಂಬತ್ತರಲ್ಲಿ ಕೂತಾಗಲೂ ಹೀಗೆಯೇ ಅಂಚಿನಿಂದ ಶುರುವಾಗಿರಬೇಕು, ನೋಡುವವರಿರಲಿಲ್ಲ ಎಂದುಕೊಂಡಳು.

“ನಾಳಿಂದ ನೀ ಮೊರ ಮುಟ್ಟಂಗಿಲ್ಲ,” ಎಂದಳು. “ನಾನೂ ಮುಟ್ಟಂಗಿಲ್ಲ.”

“ಮತ್ತ ಯಾರ ಮುಟ್ಟತಾರ? ಗ್ವಾಡಿ ಸುತ್ತತಾವೇನ?”

ಗೋಡೆಯಾಚೆಯವರೇ ಸುತ್ತಿದರು. ಆ ಗಲ್ಲಿಯಲ್ಲಿ ಬಾಣಂತಿ ಕಟ್ಟು ಎಂಬ ರೂಢಿಯೊಂದಿದೆ. ಹೆಂಗಸು ಹೆತ್ತು ಒಳಗೆ ಮಲಗಿದಾಗ ಮುನ್ಷಿಯ ಲೆಕ್ಕದ ಪುಸ್ತಕದಿಂದ ಅವಳ ಹೆಸರು ಹೋಗಬಾರದೆಂದು, ಎಂಟು ಮನೆಯವರು ದಿನಕ್ಕೆ ಎರಡೆರಡು ಕಟ್ಟನ್ನು ಅವಳ ಹೆಸರಿಗೆ ಹಾಕುತ್ತಾರೆ. ಒಂದು ಕಟ್ಟಿಗೆ ಇಪ್ಪತ್ತೈದು ಬೀಡಿ. ಹದಿನಾರು ಕಟ್ಟೆಂದರೆ ನಾನ್ನೂರು. ಅದು ಬಾಣಂತಿಗೆ ಮಾತ್ರ. ಜ್ವರಕ್ಕಿಲ್ಲ, ಮುರಿದ ಕಾಲಿಗಿಲ್ಲ, ಗಂಡ ಸತ್ತವಳಿಗೂ ಇಲ್ಲ. ಸುಂದ್ರವ್ವ ಮರುದಿನ ಬೆಳಿಗ್ಗೆ ಕಟ್ಟೆಗೆ ಹೋಗಿ ಅದನ್ನೇ ಕೇಳಿದಳು.

ಎದುರು ಮನೆಯ ಸೋನಾಬಾಯಿ ಬಾಯಿಯಲ್ಲಿದ್ದ ಎಲೆಯಡಿಕೆ ಉಗಿದು ಬಂದಳು, ನಗಬೇಕಿತ್ತು ಅವಳಿಗೆ. “ಅಗಬಾಯಿ! ಐವತ್ತಾರಕ್ಕ ಬಾಣಂತಿ! ಗಂಡ ಹೋಗಿ ಆರು ವರ್ಷ ಆತು. ಇದ ಯಾರ್ದ ಬೇ ಕೂಸು?”

“ಮಷೀನಿನ ಒಳಗಿನಾಕಿದು,” ಎಂದಳು ಸುಂದ್ರವ್ವ.

“ಒಂದು ಕೂಸು ಅಲ್ಲಲೇ ಸೋನಾ,” ಎಂದಳು ರಾಮವ್ವ. “ಹತ್ತು. ಬೆರಳಿಗೊಂದು ಹೆರಬೇಕು ಆಕಿ.”

ನಕ್ಕು ಮುಗಿದ ಮೇಲೆ ಯಾರೂ ಬೇಡ ಅನ್ನಲಿಲ್ಲ. ಅವರೆಲ್ಲ ಅರಿವಿಲ್ಲದೆಯೇ ತಮ್ಮ ತಮ್ಮ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದರು. ಬಾಣಂತಿ ಎಂದ ಮೇಲೆ ನೇಮವೂ ಬೇಕೆಂದು ರಾಮವ್ವ ಸುಂದ್ರವ್ವನ ಕತ್ತರಿಯನ್ನು ಸೆರಗಿನಲ್ಲಿ ಚೆನ್ನಾಗಿ ಒರೆಸಿ ಅವಳ ತಲೆದಿಂಬಿನ ಕೆಳಗೆ ಇಟ್ಟಳು. ಹೆತ್ತವಳನ್ನು ಮಟಮಟ ಮಧ್ಯಾಹ್ನ ಒಂಟಿ ಬಿಡಬಾರದು, ಬಿಟ್ಟರೆ ತಲೆಯ ಕೆಳಗೆ ಕಬ್ಬಿಣವಿರಬೇಕು. “ಏನರ ಬಂದರ ಇದಕ್ಕ ಅಂಜತೈತಿ,” ಎಂದಳು ರಾಮವ್ವ. “ನೀ ಮಾತ್ರ ಮುಟ್ಟಬ್ಯಾಡ. ಮುಟ್ಟಿದರ ಕೈ ತಿರುಗಿ ಕೆಲಸಕ್ಕ ಹೊಂಡತೈತಿ.”

ಮಂಗಲ ಏಳೂ ಹತ್ತರ ಬಸ್ಸಿಗೆ ಹೋಗುತ್ತಿದ್ದಳು. ಅಲ್ಲಿಂದ ಸಂಜೆಯವರೆಗೆ ಮನೆಯಲ್ಲಿ ಸುಂದ್ರವ್ವ ಒಬ್ಬಳೇ. ನಲವತ್ತೇಳು ವರ್ಷದಲ್ಲಿ ಹಗಲು ಎಷ್ಟು ಉದ್ದ ಎಂಬುದು ಅವಳಿಗೆ ಗೊತ್ತಾಗಿರಲೇ ಇಲ್ಲ. ಬಿಸಿಲು ಬಾಗಿಲಿಂದ ಒಳಗೆ ಬಂದು ಒಲೆಯ ತನಕ ನಡೆದು ಹಿಂದಕ್ಕೆ ಸರಿಯುತ್ತಿತ್ತು. ತಂಬಾಕಿನ ಸಣ್ಣ ಧೂಳು ಅಕ್ಕಪಕ್ಕದ ಮನೆಗಳಿಂದ ಗಾಳಿಯಲ್ಲಿ ತೇಲಿ ಬಂದು ಪಾತ್ರೆಗಳ ಮೇಲೆ ಕೂರುತ್ತಿತ್ತು. ಒಂಬತ್ತನೆಯ ದಿನ ಊಟ ಮಾಡಿ ಒರಗಿದವಳು ಎಚ್ಚರಾದಾಗ ಕೈಗಳು ಎದೆಯ ಮೇಲೆ ತಾವಾಗಿಯೇ ಆಡುತ್ತಿದ್ದವು. ಎಲೆ ಇಟ್ಟು, ತಂಬಾಕು ಹರಡಿ, ಸುತ್ತಿ. ನಿಲ್ಲು ಎಂದು ಮನಸ್ಸಿನಲ್ಲಿ ಹೇಳಿದಳು; ನಿಲ್ಲಲಿಲ್ಲ. ತುದಿ ಮಡಚಿದ ಮೇಲೆಯೇ ನಿಂತವು. ಅಂದಿನಿಂದ ಅವಳು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರತೊಡಗಿದಳು.

ಆಮೇಲೆ ಸದ್ದು ಬಂತು. ಮಾರ್ಚ್ ಎಂಟರಂದು, ಮಧ್ಯಾಹ್ನ, ಮಂಪರಿನಲ್ಲಿದ್ದಾಗ, ಕಿವಿಯ ಪಕ್ಕದಲ್ಲೇ ಕತ್ತರಿಯ ಸದ್ದು. ಕಚಕ್, ಕಚಕ್. ಎಲೆಯ ಒಂದು ಬದಿ ಕತ್ತರಿಸಿ, ತಿರುಗಿಸಿ, ಇನ್ನೊಂದು ಬದಿ ಕತ್ತರಿಸುವಷ್ಟೇ ಬಿಡುವು ನಡುವೆ. ಕಣ್ಣು ತೆರೆದಾಗ ನಿಂತಿತು. ಬಾಗಿಲ ಅಗುಳಿ ಒಳಗಿನಿಂದ ಹಾಕಿದ ಹಾಗೆಯೇ ಇತ್ತು. ಗೋಡೆಯಾಚೆಯವರದಿರಬೇಕೆಂದು ಎದ್ದು ಹೋಗಿ ನೋಡಿದರೆ ಅಂದು ಅಕ್ಕಪಕ್ಕದ ಎರಡೂ ಮನೆಯವರು ಬೀಗ ಹಾಕಿ ಸಂತೆಗೆ ಹೋಗಿದ್ದರು. ಮೂರು ದಿನ ಬಿಟ್ಟು ಮತ್ತೆ ಬಂತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಂಗಲ ಕೋರ್ಸು ಬಿಟ್ಟು ಮನೆಯಲ್ಲಿ ಕೂರುತ್ತಾಳೆ ಎಂಬ ಅಂಜಿಕೆ ಆ ಸದ್ದಿನ ಅಂಜಿಕೆಗಿಂತ ದೊಡ್ಡದಿತ್ತು. ಬದಲಿಗೆ ಸದ್ದು ಬಂದ ಕಡೆಗೆ ಮುಖ ಮಾಡಿ ಒಂದು ಸಲ ಮೆಲ್ಲಗೆ ಕೇಳಿದಳು: “ಅವ್ವಾ, ನೀನ ಏನ?”

ಮೂವತ್ತೊಂದನೆಯ ದಿನ, ಮಾರ್ಚ್ ಇಪ್ಪತ್ತೆರಡು, ಶನಿವಾರ. ಮಂಗಲ ಪ್ರಾಯೋಗಿಕ ಪರೀಕ್ಷೆಗೆಂದು ಬೆಳಗಾವಿಗೆ ಹೋಗಿ ಮೂರು ದಿನವಾಗಿತ್ತು. ಹನ್ನೆರಡು ಐವತ್ತಕ್ಕೆ ಸುಂದ್ರವ್ವ ನೀರು ತುಂಬಿಕೊಳ್ಳಲು ಹೋದಾಗ ಸ್ಟೀಲಿನ ಕೊಡದ ಹೆಗಲಿನ ಮೇಲೆ ಅದನ್ನು ಕಂಡಳು. ಹೆಬ್ಬೆರಳಿನ ಗುರುತು. ಎಣ್ಣೆಯ ಬೊಟ್ಟಿನ ಮೇಲೆ ತಂಬಾಕಿನ ಧೂಳು ಕೂತು ಕಂದು ಬಣ್ಣವಾಗಿತ್ತು. ಅದರೊಳಗೆ, ಅಡ್ಡ ಕೊಯ್ದ ಉಳ್ಳಾಗಡ್ಡಿಯಂತೆ, ಸುತ್ತಿನೊಳಗೆ ಸುತ್ತು.

ಆ ಕೊಡವನ್ನು ಅವಳು ಹಿಂದಿನ ಸಂಜೆಯಷ್ಟೇ ಬಟ್ಟೆಯಿಂದ ಒರೆಸಿ ಬೋರಲು ಹಾಕಿದ್ದಳು. ಮನೆಗೆ ಯಾರೂ ಬಂದಿರಲಿಲ್ಲ. ತನ್ನ ಬೆರಳಿಗೆ ಗೆರೆಯಿಲ್ಲ.

ಅವಳು ಕಿಟಕಿ ನೋಡಿದಳು, ಮುಚ್ಚಿತ್ತು. ಅಗುಳಿ ನೋಡಿದಳು; ಅಗುಳಿಯ ಮೇಲೂ ಒಂದು. ಕನ್ನಡಿಯ ಅಂಚಿಗೆ ಒಂದು, ಎಣ್ಣೆಯ ಬಾಟಲಿಗೆ ಮೂರು. ಬಂದವರು ತನ್ನಷ್ಟೇ ಎತ್ತರದವರು. ಒಂದೂ ಗುರುತು ಅವಳ ಭುಜಕ್ಕಿಂತ ಮೇಲಿರಲಿಲ್ಲ. ಎಲ್ಲಿ ತಾನು ನಿಲ್ಲುತ್ತಾಳೋ ಅಲ್ಲೇ ಅವರೂ ನಿಂತಿದ್ದಾರೆ, ಏನನ್ನು ತಾನು ಹಿಡಿಯುತ್ತಾಳೋ ಅದನ್ನೇ ಹಿಡಿದಿದ್ದಾರೆ. ಕೊನೆಗೆ ದಿಂಬನ್ನು ಎತ್ತಿದಳು. ಕತ್ತರಿಯ ಅಲಗಿನ ಮೇಲೆ, ನಡುವೆಯೇ, ಅದೇ ಸುಳಿ.

ಓಡಿಹೋಗಬೇಕೆಂದು ಅಗುಳಿಗೆ ಕೈಹಾಕುವ ಮುಂಚೆ ರಾಮವ್ವನಿಗೆ ತೋರಿಸಲೆಂದು ಕೊಡವನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಹಗಲೂ ರಾತ್ರಿ ಕೊಬ್ಬರೆಣ್ಣೆ ಹಚ್ಚಿದ ಕೈ ಜಾರಿತು. ಕೊಡ ಕೆಳಗಿಟ್ಟು ನೋಡಿದರೆ ಹಳೆಯ ಗುರುತಿನ ಪಕ್ಕದಲ್ಲಿ ಹೊಸದೊಂದು ಮೂಡಿತ್ತು. ಸುತ್ತಿನೊಳಗೆ ಸುತ್ತು. ಎರಡರಲ್ಲೂ ಎಡಕ್ಕೆ ಒಂದೇ ಕಡೆ ಗಾಯದ ಸಣ್ಣ ಅಡ್ಡಗೆರೆ.

ಸುಂದ್ರವ್ವ ನೆಲದ ಮೇಲೆ ಕೂತಳು. ಆ ಗಾಯ ಅವಳಿಗೆ ನೆನಪಿತ್ತು: ಒಂಬತ್ತನೆಯ ವಯಸ್ಸಿನಲ್ಲಿ, ಮೊರದ ಮುಂದಿನ ಮೊದಲ ವಾರದಲ್ಲಿ, ಕತ್ತರಿ ತಗುಲಿ ಆದದ್ದು. ಇಷ್ಟು ದಿನ ಮಧ್ಯಾಹ್ನದಲ್ಲಿ ಮನೆಯೊಳಗೆ ಓಡಾಡಿದವಳು, ಮಲಗಿದ ಹೊತ್ತಿನಲ್ಲಿ ದಿಂಬಿನ ಕೆಳಗಿಂದ ಕತ್ತರಿ ತೆಗೆದು ಬರಿಯ ಗಾಳಿಯನ್ನು ಕತ್ತರಿಸಿದವಳು ಯಾರೆಂದು ಈಗ ತಿಳಿಯಿತು: ತಾನೇ. ತಿಳಿದರೂ ಅಂಜಿಕೆ ಪೂರ್ತಿ ಹೋಗಲಿಲ್ಲ. ಏಕೆಂದರೆ ಕತ್ತರಿಯ ಇನ್ನೊಂದು ಅಲಗಿನ ಮೇಲೆ ಬೇರೊಂದು ಬೊಟ್ಟಿತ್ತು, ನುಣುಪಾದದ್ದು, ಗೆರೆಯಿಲ್ಲದ್ದು. ಅದು ತಿಂಗಳ ಹಿಂದಿನ ತನ್ನದೇ ಇರಬಹುದು. ಒರೆಸಿಯೇ ಇಟ್ಟಿದ್ದೆ ಎಂದು ರಾಮವ್ವ ಇಂದಿಗೂ ಹೇಳುತ್ತಾಳೆ.

ಒಂದು ಗಂಟೆ ಇಪ್ಪತ್ತೈದಕ್ಕೆ ಅವಳು ಕಾಂಚನಳ ಮುಂದಿದ್ದಳು. ಹಿಂದೆ ಎಂಟು ಮನೆಯ ಹೆಂಗಸರು, ತಂಬಾಕಿನ ಕೈಯಲ್ಲೇ ಬಂದವರು, ಬಾಗಿಲು ತುಂಬ ನಿಂತಿದ್ದರು. ಕಾಂಚನ ಗಾಜನ್ನು ಒರೆಸಿದಳು. ಹೆಬ್ಬೆರಳು ಒತ್ತಿದರೆ ಕೆಂಪು ದೀಪ ಎರಡು ಸಲ ಮಿನುಗಿತು.

“ವ್ಯಕ್ತಿಯ ಗುರುತು ಸಿಕ್ಕಿದೆ.”

“ಹಡದಳಲೇ!” ಎಂದು ಸೋನಾಬಾಯಿ ಕೂಗಿದಳು. “ಹೆಣ್ಣೋ ಗಂಡೋ?”

ಸುಂದ್ರವ್ವ ಮೊಬೈಲಿನ ಕಡೆಗೆ ಬಾಗಿ ಕೇಳಿದಳು: “ಈಗ ಹೇಳಿದಾಕಿ ಬ್ಯಾರೆ ಆಕಿ ಏನ, ಕಾಂಚನಾ?”

“ಅದ ಧ್ವನಿ ಅವ್ವ.”

“ಮತ್ತ ಅವತ್ತ ಯಾಕ ಇಲ್ಲ ಅಂದಳು?”

“ಅವತ್ತ ಆಕಿಗೆ ನೀ ಕಂಡಿರಲಿಲ್ಲ,” ಎಂದಳು ಕಾಂಚನ, ಮತ್ತು ಅದಕ್ಕಿಂತ ಸರಿಯಾದ ಉತ್ತರ ತನ್ನ ಪದವಿಯಲ್ಲೂ ಇಲ್ಲವೆಂದು ಅವಳಿಗೆ ಆ ಕ್ಷಣ ಅನ್ನಿಸಿತು.

ಹತ್ತೊಂಬತ್ತು ದಿನದ ಮೇಲೆ ರೊಕ್ಕ ಬಂತು. ಮಂಗಲಳ ಕಂತು ಕಟ್ಟಿದ್ದಾಯಿತು. ಈಗ ಅವಳು ಊರಿನ ಒಂದು ಪ್ರಯೋಗಾಲಯದಲ್ಲಿ ತರಬೇತಿಗೆ ಹೋಗುತ್ತಾಳೆ. ಹೆಬ್ಬೆರಳಿನ ಅಂಚು ತುಂಬಿ ಬಂದಿದೆ. ಸುಂದ್ರವ್ವ ಪ್ರತಿ ಭಾನುವಾರ ಸ್ನಾನ ಮಾಡಿ, ಕಾಡಿಗೆ ಕಲಸಿ, ಕಾಗದದ ಮೇಲೆ ಒಂದು ಗುರುತು ಒತ್ತಿ, ಗೆರೆ ಎಣಿಸಿ ನೋಡುತ್ತಾಳೆ. ಯಲ್ಲಮ್ಮನ ಪಟದ ಹಿಂದಿನ ತುಂಡಿನಲ್ಲಿ ಈಗ ಮೂರು ಗುರುತುಗಳಿವೆ: ಎರಡು ಕರಿ ಮೊಟ್ಟೆ, ಒಂದು ಸುಳಿ. ಮೊದಲ ಎರಡರಲ್ಲಿ ಅವ್ವ ಯಾವುದೆಂದು ಅವಳು ಈಗ ಹುಡುಕುವುದಿಲ್ಲ. ಎರಡಕ್ಕೂ ಅರಿಸಿನ ಹಚ್ಚುತ್ತಾಳೆ. ಮಧ್ಯಾಹ್ನ ಒಮ್ಮೊಮ್ಮೆ ಸದ್ದು ಬರುತ್ತದೆ. ಕತ್ತರಿ ಗೂಡಿನಲ್ಲಿರುತ್ತದೆ, ಅವಳ ಎರಡೂ ಕೈ ಮಡಿಲಲ್ಲಿರುತ್ತವೆ. ಆಗ ಅವಳು ಸುಮ್ಮನೆ ಕೂತು, ಆ ಎಲೆ ಮುಗಿಯುವ ತನಕ ಕಾಯುತ್ತಾಳೆ.

ರೊಕ್ಕ ಬಂದ ಮರುದಿನ ಬೆಳಿಗ್ಗೆ ಲಗಮಣ್ಣ ಎಲೆಯ ಚೀಲ ಹೊತ್ತು ಬಂದಿದ್ದ. ಬಾಣಂತನ ಮುಗಿಯಿತಂತಲ್ಲ ಎಂದು ಹಾಸ್ಯ ಮಾಡಿ, ಮೊದಲಿನಂತೆ ಎಂಟುನೂರಕ್ಕಾಗುವಷ್ಟು ಎಲೆ ತೂಗತೊಡಗಿದ. ಸುಂದ್ರವ್ವ ತಕ್ಕಡಿಯನ್ನು ಕೈಯಿಂದ ತಡೆದಳು. ಬೆರಳು ಸವೆಯದಷ್ಟು, ಒಲೆ ಆರದಷ್ಟು, ಎಂಟು ಮನೆಯವರು ತಿಂಗಳಿಡೀ ತೋರಿಸಿಕೊಟ್ಟಷ್ಟು ಸಾಕಿತ್ತು ಅವಳಿಗೆ. ಲಗಮಣ್ಣ ಕೇಳಿದ, “ಮತ್ತ ದಿನಕ್ಕ ಎಷ್ಟ ಬರಕೊಳ್ಳಲಿ ಬೇ?” ಅವನ ಪುಸ್ತಕದಲ್ಲಿ ಇವತ್ತಿಗೂ ಅವಳ ಹೆಸರಿನ ಮುಂದೆ ಇರುವುದು ಆ ಬೆಳಿಗ್ಗೆ ಅವಳು ಓಣಿಗೆಲ್ಲ ಕೇಳುವಂತೆ ಹೇಳಿದ ಮಾತೇ: “ನಾನ್ನೂರು.”